ಸನ್ಮಾನದ ನಂತರ ಪ್ರಶ್ನೋತ್ತರ

ನಮ್ಮ ಆಫೀಸಿನಲ್ಲಿ ಬಂದೂಕಿನ ವಿಷಯವೊಂದನ್ನೇ ನೋಡಿ ವೋಟು ಹಾಕುವವನು ಒಬ್ಬನೇ. ಅವನ ಮನೆಯಲ್ಲಿ ಬಂದೂಕುಗಳಿವೆ. ಉಗ್ರಾಣದ ಮೇಲ್ವಿಚಾರಕ ಅವನು. ಶನಿವಾರ ಬಂತೆಂದರೆ ನಾಯಿಗಳನ್ನು ಯೂಟ್ ಎನ್ನುವ ತೆರೆದ ಬೆನ್ನಿನ ಗಾಡಿಯ ಹಿಂದೆ ಹತ್ತಿಸಿಕೊಂಡು ಕಾಡುಹಂದಿ ಬೇಟೆಗೆ ಹೊರಡುತ್ತಾನೆ. ಯಾವ ಪಕ್ಷ ಬಂದೂಕಿನ ಕಾನೂನಿನ ಬಗ್ಗೆ ಏನು ಹೇಳಿದೆ, ಯಾವ ಅಭ್ಯರ್ಥಿ ಮಾತು ಬದಲಿಸಿದ್ದಾನೆ, ಯಾವುದು ಬರೀ ಭಾಷಣ, ಯಾವುದು ನಿಜವಾಗಿ ಆಗುವಂಥದ್ದು, ಎಲ್ಲ ಅವನಿಗೆ ಬಾಯಿಪಾಠ. ಸಭೆಗಳಿಗೆ ಹೋಗುತ್ತಾನೆ, ಎದ್ದು ನಿಂತು ಕೇಳುತ್ತಾನೆ. ಉತ್ತರ ಹಿಡಿಸದಿದ್ದರೆ ವೋಟು ಹಾಕುವುದಿಲ್ಲ. ಅಷ್ಟು ಸರಳ.

ಬಂದೂಕಿನ ಇನ್ನೊಂದು ತುದಿಯನ್ನು ನೋಡಿದವಳು ನಮ್ಮ ಆಫೀಸಿನಲ್ಲಿ ನಾನೊಬ್ಬಳೇ. ನನಗೆ ಒಂದು ಪ್ರಶ್ನೆ ಕೇಳುವುದಕ್ಕೆ ಒಂದು ಇಡೀ ಚುನಾವಣೆ ಸಾಲಲಿಲ್ಲ.

ಪೆನ್‌ರೋಸ್ ಎನ್ನುವ ಕೈಗಾರಿಕಾ ಬಡಾವಣೆಯಲ್ಲಿ ಸರಕು ಸಾಗಣೆಯ ಕಂಪನಿಯೊಂದರಲ್ಲಿ ನನಗೆ ಕೆಲಸ. ಯಾವ ಸರಕು ಯಾವ ಟ್ರಕ್ಕಿಗೆ, ಯಾವ ಬಾಗಿಲಿನಿಂದ, ಯಾವಾಗ ಎಂದು ಯೋಜನೆ ಹಾಕುತ್ತೇನೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಎಂಬಿಎ ಮಾಡಲು ಈ ದೇಶಕ್ಕೆ ಬಂದು, ಉಳಿದುಕೊಂಡವಳು. ಆಫೀಸಿನ ಬೀದಿಯ ಕೊನೆಯಲ್ಲಿ ಲಂಚ್ ಬಾರ್ ಒಂದಿದೆ. ಸುತ್ತಲಿನ ಗ್ಯಾರೇಜು, ಉಗ್ರಾಣಗಳವರೆಲ್ಲ ಮಧ್ಯಾಹ್ನ ಅಲ್ಲಿಗೇ ಪೈ, ಚೌಮೀನ್, ಸ್ಯಾಂಡ್‌ವಿಚ್ಚಿಗೆ ಬರುತ್ತಾರೆ. ಆ ಬಂದೂಕನ್ನು ನೋಡಿದ ದಿನ ಊಟದ ಡಬ್ಬಿ ಮನೆಯಲ್ಲೇ ಮರೆತಿದ್ದೆ. ಪೈಗಳನ್ನು ಬಿಸಿಯಾಗಿಡುವ ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ತರಕಾರಿಯದು ಯಾವುದೆಂದು ನೋಡುತ್ತಾ, ಇಕ್ಕಳದಲ್ಲಿ ಒಂದನ್ನು ಹಿಡಿದಿದ್ದೆ.

ಒಳಗೆ ಬಂದವನು ಎಲ್ಲರ ಹಾಗೆ ಮಿಂಚುವ ಹಳದಿ ಜಾಕೆಟ್ ಹಾಕಿದ್ದ. ಅಲ್ಲಿ ಎಲ್ಲರೂ ಅದನ್ನೇ ಹಾಕುವುದರಿಂದ ಯಾರೂ ತಿರುಗಿ ನೋಡಲಿಲ್ಲ. ಸಾಲಿನಲ್ಲಿದ್ದ ಇನ್ನೊಬ್ಬನ ಹತ್ತಿರ ಹೋಗಿ ಏನೋ ಅಂದ. ಇನ್ನೊಬ್ಬ ನಕ್ಕ. ಜಾಕೆಟ್ಟಿನೊಳಗಿಂದ ಬಂದದ್ದನ್ನು ಮೊದಲು ನಾನು ಕೊಳಾಯಿಯ ತುಂಡು ಅಂದುಕೊಂಡೆ. ನಳಿಕೆಯನ್ನು ಕತ್ತರಿಸಿ ಗಿಡ್ಡ ಮಾಡಿದ ಬಂದೂಕು ಅದು. ಸದ್ದು ಹೇಗಿತ್ತೆಂದರೆ, ಮೇಲಿನಿಂದ ಸರಕು ಪೇರಿಸುವ ಮರದ ಪ್ಯಾಲೆಟ್ಟೊಂದು ಕಾಂಕ್ರೀಟಿನ ಮೇಲೆ ಚಪ್ಪಟೆಯಾಗಿ ಬಿದ್ದ ಹಾಗೆ. ನಮ್ಮ ಉಗ್ರಾಣದಲ್ಲಿ ದಿನಾ ಕೇಳುವ ಸದ್ದು. ಹಾಗಾಗಿ ಈಗಲೂ ನಾನು ದಿನಾ ಅದನ್ನು ಕೇಳುತ್ತೇನೆ.

ಗುಂಡು ತಗುಲಿದ್ದು ಕಾಲಿಗೆ. ಆ ಮನುಷ್ಯ ಬದುಕಿದ್ದಾನೆ, ಕುಂಟುತ್ತಾನಂತೆ. ನಾನು ತಲೆಯೊಳಗೆ ಓಡಿಸಿ ಓಡಿಸಿ ನೋಡುವುದು ಅದನ್ನಲ್ಲ. ಹೊಡೆದವನು ಹೊರಗೆ ಹೋಗಲು ತಿರುಗಿದ. ತಿರುಗುವಾಗ ನಳಿಕೆಯೂ ಅವನ ಜೊತೆ ತಿರುಗಿತು. ಗಾಜಿನ ಪೆಟ್ಟಿಗೆ, ಫ್ರಿಜ್ಜು, ನಾನು, ಬಾಗಿಲು. ನನ್ನ ಮೇಲೆ ಅದು ನಿಲ್ಲಲಿಲ್ಲ, ಹಾದುಹೋಯಿತು. ಅವನು ನನ್ನನ್ನು ನೋಡಿದ ಎನ್ನುವ ಹಾಗೂ ಇಲ್ಲ. ಅಂಗಡಿಯಲ್ಲಿದ್ದ ಒಂದು ಸಾಮಾನಿನ ಹಾಗೆ ನಾನು ದಾರಿಯಲ್ಲಿದ್ದೆ. ಪೊಲೀಸರು ಬರುವ ತನಕ ಇಕ್ಕಳ ನನ್ನ ಕೈಯಲ್ಲೇ ಇತ್ತು.

ಆಮೇಲೆ ಹೇಳಿಕೆ ಬರೆದುಕೊಳ್ಳಲು ಬಂದ ಪತ್ತೇದಾರರನ್ನು ನಾನೇ ಕೇಳಿದೆ, ಆ ಬಂದೂಕು ಯಾರದ್ದು ಅಂತ. ಹೆಂಗಸು ಅವರು, ಸಮಾಧಾನದಿಂದ ಮಾತಾಡುವವರು. ಮೂಲದಲ್ಲಿ ಯಾರೋ ಲೈಸೆನ್ಸ್ ಇದ್ದವರೇ ಅಂಗಡಿಯಿಂದ ಕೊಂಡದ್ದಿರಬೇಕು, ಆಮೇಲೆ ಯಾರ ಕೈಯಿಂದ ಯಾರ ಕೈಗೆ ಹೋಯಿತೋ ಹೇಳುವುದಕ್ಕೆ ಬರುವುದಿಲ್ಲ ಅಂದರು. ಈ ದೇಶದಲ್ಲಿ ಬಹಳ ಕಾಲ ಬಂದೂಕು ಇಟ್ಟುಕೊಳ್ಳುವ ಮನುಷ್ಯನಿಗೆ ಲೈಸೆನ್ಸ್ ಇತ್ತು, ಬಂದೂಕಿಗೆ ಮಾತ್ರ ದಾಖಲೆ ಇರಲಿಲ್ಲ. ದಕ್ಷಿಣದ ಊರೊಂದರ ಮಸೀದಿಗಳಲ್ಲಿ ಪ್ರಾರ್ಥನೆ ಮಾಡುತ್ತಿದ್ದವರನ್ನು ಒಬ್ಬ ಗುಂಡಿಟ್ಟು ಕೊಂದ ಆ ಘೋರದ ನಂತರ ಕಾನೂನು ಬದಲಾಗಿ, ಪ್ರತಿ ಬಂದೂಕೂ ಯಾರ ಹತ್ತಿರ ಇದೆ ಎಂದು ನೋಂದಾಯಿಸುವ ವ್ಯವಸ್ಥೆ ಶುರುವಾಗಿದೆ. ಅದು ಬರುವ ಮೊದಲೇ ಈ ಬಂದೂಕು ಕಣ್ಮರೆಯಾಗಿತ್ತು.

ನನಗೆ ಇದು ಅರಗಲೇ ಇಲ್ಲ. ನನ್ನ ಕೆಲಸದಲ್ಲಿ ಒಂದು ಡಬ್ಬ ಬಾತ್‌ರೂಮ್ ಟೈಲ್ಸ್ ಕಾಣೆಯಾದರೆ ಯಾವ ಬಾಗಿಲಿನಲ್ಲಿ, ಯಾರು ಸ್ಕ್ಯಾನ್ ಮಾಡಿದ ಮೇಲೆ ಕಾಣೆಯಾಯಿತು ಎಂದು ಟೀ ಆರುವುದರೊಳಗೆ ಹೇಳಬಲ್ಲೆ. ಬೆಕ್ಕಿನ ಆಹಾರಕ್ಕೆ ಇರುವ ಜಾಡು ಬಂದೂಕಿಗೆ ಇರಲಿಲ್ಲ. ಈಗ ಜಾಡು ಇಡಲು ಶುರುಮಾಡಿದರೆ, ಅದು ಬೇಡ, ಅದರಿಂದ ಪ್ರಾಮಾಣಿಕರಿಗೆ ತೊಂದರೆ ಎನ್ನುವ ಮಾತು ಚುನಾವಣೆಯಲ್ಲಿ ಓಡಾಡತೊಡಗಿತು.

ಈ ಮಾತನ್ನು ನಾನು ಮೊದಲು ಆಡಿದ್ದು ಬೇಟೆಗೆ ಹೋಗುವ ಆ ಮೇಲ್ವಿಚಾರಕನ ಜೊತೆಗೇ. ಅವನನ್ನು ಕೆಟ್ಟವನು ಅನ್ನಲು ನನ್ನಿಂದ ಆಗುವುದಿಲ್ಲ. ಆ ಘಟನೆಯಾದ ಮೇಲೆ ಎಷ್ಟೋ ವಾರ ಸಂಜೆ ನನ್ನನ್ನು ಕಾರಿನ ತನಕ ಬಿಟ್ಟು ಬರುತ್ತಿದ್ದವನು ಅವನು. ಪ್ಯಾಲೆಟ್ ಬಿದ್ದಾಗ ನಾನು ಬೆಚ್ಚುವುದನ್ನು ನೋಡಿ, ಹುಡುಗರಿಗೆ ನಿಧಾನಕ್ಕೆ ಇಳಿಸಿ ಎಂದು ಬೈದವನೂ ಅವನೇ.

"ನನ್ನ ಬಂದೂಕು ಎಲ್ಲಿದೆ ಅಂತ ಪೊಲೀಸರಿಗೆ ಮೊದಲಿಂದಲೂ ಗೊತ್ತು. ಬಂದು ಬಂದೂಕಿಟ್ಟ ಬೀರು ನೋಡಿಕೊಂಡು ಹೋಗುತ್ತಾರೆ," ಅಂದ. "ಆ ಬಡ್ಡೀಮಗ ತನ್ನದನ್ನು ನೋಂದಾಯಿಸುತ್ತಾನಾ? ನನಗೆ ಇನ್ನೊಂದು ತಲೆನೋವು, ಅಷ್ಟೇ."

"ಅವನ ಕೈಗೆ ಬರುವ ಮುಂಚೆ ಅದು ನಿನ್ನಂಥ ಒಬ್ಬನದ್ದೇ ಆಗಿತ್ತಲ್ಲ," ಅಂದೆ.

"ಇದು ನ್ಯಾಯವಾದ ಮಾತು," ಅಂದ. "ಆದರೂ ನಾನು ಅದಕ್ಕೆ ವೋಟು ಹಾಕಲ್ಲ. ನಿಮ್ಮವರು ಅದಕ್ಕೆ ಹಾಕುತ್ತಾರಾ?"

ನಮ್ಮವರು! ಅಲ್ಲೇ ಇರುವುದು ನನ್ನ ಸಂಕಟ.

ಇಲ್ಲಿ ಪೌರತ್ವ ಇಲ್ಲದಿದ್ದರೂ ಖಾಯಂ ನಿವಾಸಿಯಾಗಿ ಒಂದು ವರ್ಷ ಕಳೆದರೆ ವೋಟು ಇದೆ. ಬೇರೆ ದೇಶದಲ್ಲಿರುವ ನಮ್ಮ ನೆಂಟರು ಕೇಳಿದರೆ ನಂಬುವುದಿಲ್ಲ. ನಮ್ಮ ಕನ್ನಡದವರ ಮನೆಗಳಲ್ಲಿ ಭಾನುವಾರದ ಊಟಕ್ಕೆ ಕೂತಾಗ ಆ ವೋಟಿನ ಮಾತು ಬಂದೇ ಬರುತ್ತದೆ. ಗೃಹಸಾಲದ ಬಡ್ಡಿ, ಅಪ್ಪ ಅಮ್ಮನ ವೀಸಾ, ಯಾವ ಬೀದಿಯ ಮಕ್ಕಳಿಗೆ ಯಾವ ಶಾಲೆ ಎನ್ನುವ ಝೋನ್, ಡೇರಿ ಎಂದು ಇಲ್ಲಿ ಕರೆಯುವ ಕಿರಾಣಿ ಅಂಗಡಿಗಳಲ್ಲಿ ಕಳ್ಳತನ. ನಾನು ಬಂದೂಕು ಅಂದರೆ ಎಲ್ಲರೂ ಒಂದು ಕ್ಷಣ ತಟ್ಟೆ ನೋಡುತ್ತಾರೆ. ಆಮೇಲೆ ಯಾರೋ ನನಗೆ ಇನ್ನೊಂದು ಸೌಟು ಸಾರು ಬಡಿಸುತ್ತಾರೆ.

"ನಿನಗಾಗಿದ್ದು ತುಂಬಾ ಕೆಟ್ಟದ್ದು ಕಣೇ, ನಾನು ಇಲ್ಲ ಅನ್ನಲ್ಲ," ಅಂದರು ನನ್ನ ಗಂಡ, ಹಾಗೊಂದು ಊಟ ಮುಗಿಸಿ ಮನೆಗೆ ಬರುವಾಗ. "ಆದ್ರೆ ಅದು ಎಲೆಕ್ಷನ್ ಇಶ್ಯೂ ಅಲ್ಲ. ನಮ್ಮ ಹತ್ರ ಗನ್ ಇದೆಯಾ? ಇಲ್ಲ. ನಮ್ಮ ಫ್ರೆಂಡ್ಸ್ ಹತ್ರ? ಇಲ್ಲ. ಮತ್ತೆ ನಮಗ್ಯಾಕೆ?"

"ನನ್ನ ಹತ್ರ ಗನ್ ಇರಲಿಲ್ಲ. ಅದಕ್ಕೇ ಅದು ನನ್ನ ಕಡೆ ತಿರುಗಿದಾಗ ಏನೂ ಮಾಡೋಕಾಗಲಿಲ್ಲ."

"ಹಾಗಲ್ಲ ನಾನು ಹೇಳಿದ್ದು."

"ಹಾಗೇನೇ ಹೇಳಿದ್ದು ನೀವು."

ಅವರ ತಪ್ಪು ಅಂತಲೂ ಅಲ್ಲ. ಬಂದೂಕು ಇರುವವನು ಬಂದೂಕಿಗಾಗಿ ವೋಟು ಹಾಕುತ್ತಾನೆ. ಇಲ್ಲದವರು ಬಡ್ಡಿ ದರಕ್ಕಾಗಿ ಹಾಕುತ್ತಾರೆ. ಹೀಗಿರುವಾಗ ಅಭ್ಯರ್ಥಿ ಯಾರ ಮಾತಿಗೆ ಹೆದರಬೇಕು?

ಆಗ ನನಗೆ ಒಂದೇ ಒಂದು ಆಸೆ ಹುಟ್ಟಿತು. ನಮ್ಮ ಜನ ತುಂಬಿದ ಕಡೆ, ಎಲ್ಲರಿಗೂ ಕೇಳಿಸುವ ಹಾಗೆ, ಅಭ್ಯರ್ಥಿಯ ಬಾಯಿಂದ ಈ ವಿಷಯಕ್ಕೆ ಒಂದು ಹೌದು ಅಥವಾ ಇಲ್ಲ ಹೇಳಿಸಬೇಕು. ಆಮೇಲೆ ಅವರು ಬಡ್ಡಿಗೇ ವೋಟು ಹಾಕಲಿ, ಆದರೆ ಕೇಳಿಸಿಕೊಂಡು ಹಾಕಲಿ.

ಅವಕಾಶ ತಾನಾಗಿ ಬಂತು. ನಮ್ಮ ಕನ್ನಡ ಬಳಗದ ದಸರಾ ಕಾರ್ಯಕ್ರಮ ಮನುಕಾವ್ ಹತ್ತಿರದ ಒಂದು ಶಾಲೆಯ ಹಾಲಿನಲ್ಲಿ ಇತ್ತು. ಚುನಾವಣೆಗೆ ಇನ್ನು ಕೆಲವೇ ವಾರಗಳಿದ್ದವು. ಅಧ್ಯಕ್ಷರು ಮೈಸೂರಿನವರು, ಎಲ್ಲರಿಗೂ ಅಂಕಲ್. ಕ್ಷೇತ್ರದ ಅಭ್ಯರ್ಥಿಗಳಲ್ಲಿ ಒಬ್ಬರು ಅತಿಥಿಯಾಗಿ ಬರಲು ಒಪ್ಪಿದ್ದರು. ಅವರ ಪಕ್ಷವೇ ಬಂದೂಕಿನ ನೋಂದಣಿಯನ್ನು ತೆಗೆಯುತ್ತೇವೆ, ಸಡಿಲಿಸುತ್ತೇವೆ ಎಂದು ಬೇರೆ ಬೇರೆ ಕಡೆ ಬೇರೆ ಬೇರೆ ಥರ ಹೇಳುತ್ತಿದ್ದದ್ದು. ನಾನು ಅಂಕಲ್‌ಗೆ ಫೋನ್ ಮಾಡಿದೆ.

"ಪ್ರಶ್ನೆ ತಾನೆ? ಧಾರಾಳವಾಗಿ ಕೇಳಮ್ಮ," ಅಂದರು. "ಸನ್ಮಾನ ಆದ್ಮೇಲೆ ಪ್ರಶ್ನೋತ್ತರ ಇಟ್ಟಿದ್ದೀನಿ. ಮೈಕ್ ಮೊದಲು ನಿನಗೇ."

"ಸನ್ಮಾನಕ್ಕೆ ಮುಂಚೆ ಆಗಲ್ವಾ ಅಂಕಲ್?"

"ಛೇ ಛೇ. ಮನೆಗೆ ಬಂದೋರಿಗೆ ಮೊದಲು ನೀರು ಕೊಡ್ತೀಯೋ, ಲೆಕ್ಕ ಕೇಳ್ತೀಯೋ?"

ಸನ್ಮಾನ ಅಂದರೆ ನಮ್ಮಲ್ಲಿ ಏನು ಅಂತ ಬೇರೆ ಹೇಳಬೇಕಿಲ್ಲ. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಸ್ಮರಣಿಕೆ. ಅಂಕಲ್ ಪ್ರತಿ ಸಲ ಊರಿಗೆ ಹೋದಾಗಲೂ ಪೇಟಗಳನ್ನು ಕ್ಯಾಬಿನ್ ಬ್ಯಾಗಿನಲ್ಲಿ ಮಗುವಿನ ಹಾಗೆ ಕಾಪಾಡಿಕೊಂಡು ತರುತ್ತಾರೆ. ಗಂಧದ ಹಾರ ತಂದರೆ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಮರದ ವಸ್ತು ಎಂದು ತಡೆಯುತ್ತಾರೆಂಬ ಭಯಕ್ಕೆ ಹಾರ ಮಾತ್ರ ಬಟ್ಟೆಯದು. ಲೈಬ್ರರಿಯ ಅಧಿಕಾರಿ ಬಂದರೂ ಪೇಟ, ಹೃದಯದ ಡಾಕ್ಟರ್ ಬಂದರೂ ಪೇಟ. ಪೇಟ ಇಟ್ಟುಕೊಂಡವನು ದೊಡ್ಡವನಾಗುತ್ತಾನೆ ಅಂತಲ್ಲ, ಇಟ್ಟವರು ದೊಡ್ಡ ಮನಸ್ಸಿನವರು ಅಂತ ಲೆಕ್ಕ. ಇದು ನಮ್ಮೊಳಗೆ ನಮಗೆ ಗೊತ್ತಿರುವ ಮಾತು. ಹೊರಗಿನವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎಂದು ನಾವು ಯಾರೂ ಯೋಚಿಸಿದವರಲ್ಲ. ನಾನೂ.

ನನ್ನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಎರಡು ವಾಕ್ಯಕ್ಕೆ ಇಳಿಸಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹಾಲಿನ ಬಾಗಿಲ ಹತ್ತಿರದ ಕುರ್ಚಿ ಹಿಡಿದೆ. ಈಗ ಎಲ್ಲಿ ಹೋದರೂ ಬಾಗಿಲ ಹತ್ತಿರವೇ ಕೂರುತ್ತೇನೆ. ಕಾರ್ಯಕ್ರಮ ನಮ್ಮ ಪದ್ಧತಿಯಂತೆ ತಡವಾಗಿ ಶುರುವಾಯಿತು. ದೀಪ, ಪ್ರಾರ್ಥನೆ, ನಾಡಗೀತೆ, ಈ ದೇಶದ ಗೀತೆ, ಸ್ವಾಗತ ಭಾಷಣ, ಸ್ವಾಗತ ಭಾಷಣದ ಇಂಗ್ಲಿಷ್ ಅನುವಾದ. ಪುಟ್ಟ ಮಕ್ಕಳ ನೃತ್ಯದಲ್ಲಿ ಹಾಡು ನಡುವೆ ನಿಂತುಹೋಗಿ ಮೊದಲಿಂದ ಆಡಿಸಿದರು. ಅಭ್ಯರ್ಥಿ ಮುಂದಿನ ಸಾಲಿನಲ್ಲಿ ಕೂತು ಎಲ್ಲಕ್ಕೂ ಚಪ್ಪಾಳೆ ತಟ್ಟುತ್ತಿದ್ದರು. ಎತ್ತರದ, ಕೆಂಪು ಮುಖದ, ಸುಲಭವಾಗಿ ನಗುವ ಮನುಷ್ಯ.

ಆಮೇಲೆ ಸನ್ಮಾನ. ಅಂಕಲ್ ಮೈಕ್ ಹಿಡಿದು ಅತಿಥಿಯ ಪರಿಚಯ ಮಾಡಿ, ಒಂದು ಕ್ಷಣ ತಡೆದು, ಹಾಲಿನ ಹಿಂದಕ್ಕೆ ಕಣ್ಣು ಹಾಯಿಸಿದರು.

"ಇವತ್ತು ಈ ಶಾಲು ಹೊದಿಸೋಕೆ ನಾನು ಒಬ್ಬರು ವಿಶೇಷ ವ್ಯಕ್ತೀನ ಕರೀತೀನಿ. ಬಂದೂಕಿಗೆ ಎದೆಕೊಟ್ಟು ನಿಂತು ಬಂದ ನಮ್ಮ ಮನೆ ಮಗಳು. ಬಾಮ್ಮ, ಬಾ!"

ಹಾಲೆಲ್ಲ ಹಿಂದಕ್ಕೆ ತಿರುಗಿತು. ಚಪ್ಪಾಳೆ. ಬಂದೂಕಿಗೆ ನಾನು ಎದೆ ಕೊಟ್ಟಿರಲಿಲ್ಲ. ಇಕ್ಕಳ ಹಿಡಿದು ನಿಂತಿದ್ದೆ, ಅಷ್ಟೇ. ಅದನ್ನು ಅಲ್ಲಿ ಹೇಗೆ ಹೇಳುವುದು? ಪಕ್ಕದ ಹೆಂಗಸು ನನ್ನ ಬೆನ್ನು ತಟ್ಟಿ ಎಬ್ಬಿಸಿದಳು. ಅಂಕಲ್ ನನಗೆ ಗೌರವ ಕೊಡಬೇಕೆಂದೇ ಹಾಗೆ ಮಾಡಿದ್ದು, ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ವೇದಿಕೆ ಹತ್ತುವಾಗ ಯಾರೋ ಹಿಂದೆ ಕುರ್ಚಿ ಬೀಳಿಸಿದರು. ನನ್ನ ಕಿವಿಯಲ್ಲಿ ಗುಂಯ್ ಅಂತ ಶುರುವಾಯಿತು. ಕೈಗೆ ಶಾಲು ಕೊಟ್ಟರು. ಅಭ್ಯರ್ಥಿ ನನಗೆ ಅನುಕೂಲವಾಗಲೆಂದು ಬಗ್ಗಿದರು. ಹೊದಿಸಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಕ್ಯಾಮೆರಾಗಳ ಕಡೆ ತಿರುಗಿದರು. ನನ್ನ ಮುಖದಲ್ಲಿ ನಗು ಇತ್ತು. ಫೋಟೋದಲ್ಲಿ ನೋಡಿದೆ, ಚೆನ್ನಾಗಿಯೇ ನಕ್ಕಿದ್ದೇನೆ.

ಅವರು ಮಾತಾಡಿದ್ದು ಸ್ವಲ್ಪವೇ. ಇಂಥ ಧೈರ್ಯವಂತ ಹೆಣ್ಣುಮಕ್ಕಳ ಸುರಕ್ಷತೆಗಾಗಿ ಅಪರಾಧಿಗಳ ಮೇಲೆ ಕಠಿಣವಾಗುತ್ತೇವೆ ಅಂದರು. ನೋಂದಣಿಯ ಮಾತು ಬರಲಿಲ್ಲ. ನಾನು ವೇದಿಕೆಯ ಮೆಟ್ಟಿಲ ಪಕ್ಕದಲ್ಲೇ ನಿಂತು ಮೈಕ್‌ಗಾಗಿ ಕಾಯುತ್ತಿದ್ದೆ. ಆಗ ಹಾಲಿನ ಉಸ್ತುವಾರಿಯವನು ಬಂದು ಅಂಕಲ್ ಕಿವಿಯಲ್ಲಿ ಏನೋ ಹೇಳಿದ. ಬಾಡಿಗೆಯ ಹೊತ್ತು ಮುಗಿಯುತ್ತಾ ಬಂದಿತ್ತು.

"ಸಮಯದ ಅಭಾವದಿಂದ ಪ್ರಶ್ನೋತ್ತರ ಕೈಬಿಟ್ಟಿದ್ದೇವೆ. ಅತಿಥಿಗಳು ಊಟದ ಹೊತ್ತಲ್ಲಿ ಸಿಗ್ತಾರೆ. ಬಿಸಿಬೇಳೆಭಾತ್ ತಣ್ಣಗಾಗೋದು ಬೇಡ!"

ಅದಕ್ಕೆ ಬಿದ್ದ ಚಪ್ಪಾಳೆ ಆವತ್ತಿನ ಅತಿ ದೊಡ್ಡ ಚಪ್ಪಾಳೆ. ಅತಿಥಿಗಳು ಊಟಕ್ಕೆ ಉಳಿಯಲೂ ಇಲ್ಲ. ಪೇಟ ಇಟ್ಟುಕೊಂಡೇ ಕೈಮುಗಿದು ಇನ್ನೊಂದು ಸಭೆಗೆ ಹೊರಟುಬಿಟ್ಟರು. ವಂದನಾರ್ಪಣೆ ಮಾತ್ರ ಪೂರ್ತಿ ನಡೆಯಿತು. ಲಾಡು ಕಟ್ಟಿದವರ ತನಕ ಒಬ್ಬೊಬ್ಬರ ಹೆಸರನ್ನೂ ಬಿಡದೆ.

ಮರುದಿನ ಆಫೀಸಿನಲ್ಲಿ ಮೇಲ್ವಿಚಾರಕ ತನ್ನ ಫೋನ್ ಹಿಡಿದುಕೊಂಡು ಬಂದ. ಅಭ್ಯರ್ಥಿಯ ಪುಟದಲ್ಲಿ ನಾವಿಬ್ಬರೂ ಇದ್ದೆವು, ಕೈ ಕೈ ಹಿಡಿದು. ಬಂದೂಕಿನ ದಾಳಿಯಿಂದ ಬದುಕುಳಿದ ಈ ಮಹಿಳೆ ತನ್ನ ಸಮುದಾಯದ ಸಾಂಪ್ರದಾಯಿಕ ಗೌರವವನ್ನು ನನಗೆ ಅರ್ಪಿಸಿದರು, ನಮ್ಮ ಯೋಜನೆಯ ಮೇಲೆ ಅವರು ಇಟ್ಟಿರುವ ನಂಬಿಕೆಗೆ ಋಣಿ, ಎಂಬರ್ಥದ ಸಾಲು ಕೆಳಗೆ.

"ನಾನೂ ನೀನೂ ಕೊನೆಗೂ ಒಂದೇ ಪಕ್ಷ," ಅಂದ ಮೇಲ್ವಿಚಾರಕ. ತಮಾಷೆಗೆ ಅಂದದ್ದು. ನನ್ನ ಮುಖ ನೋಡಿ ಫೋನ್ ಜೇಬಿಗೆ ಹಾಕಿಕೊಂಡ. "ಪ್ರಶ್ನೆ ಕೇಳಿದೆಯಾ?"

"ಇಲ್ಲ."

"ಯಾಕೆ?"

ಬಿಸಿಬೇಳೆಭಾತ್ ತಣ್ಣಗಾಗುತ್ತಿತ್ತು ಎಂದು ಅವನಿಗೆ ಹೇಗೆ ಹೇಳಲಿ? ಅವನ ಸಭೆಗಳಲ್ಲಿ ಯಾರಿಗೂ ಶಾಲು ಹೊದಿಸುವುದಿಲ್ಲ. ಬಿಸ್ಕತ್ತು, ಟೀ, ಪ್ರಶ್ನೆ. ಅದಕ್ಕೇ ಅವರ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಅಂಕಲ್‌ಗೆ ಫೋನ್ ಮಾಡಿದೆ. "ಶಾಲು ಹೊದಿಸಿದ್ದು ಅತಿಥಿಗೆ, ಪಕ್ಷಕ್ಕಲ್ಲ. ನಮ್ಮವರಿಗೆ ಅದು ಅರ್ಥ ಆಗಲ್ವೇನಮ್ಮ?" ಅಂದರು.

"ಅವರು ಹಾಗೆ ಬರೆದಿಲ್ಲವಲ್ಲ ಅಂಕಲ್."

"ಬಿಳಿಯರಿಗೆ ಏನು ಗೊತ್ತು ಪೇಟದ ವಿಷ್ಯ. ಬಿಡು, ಎಷ್ಟು ಚೆನ್ನಾಗಿ ಬಂದಿದ್ದೀಯ ಫೋಟೋದಲ್ಲಿ. ನಮ್ಮ ಗ್ರೂಪಿಗೂ ಹಾಕಿದ್ದೀನಿ."

ಅಭ್ಯರ್ಥಿಯ ಕಚೇರಿಗೆ ಬರೆದೆ. ನಿಮ್ಮ ಯೋಜನೆಯ ಮೇಲೆ ನನಗೆ ನಂಬಿಕೆ ಇದೆಯೆಂದು ನಾನು ಎಲ್ಲೂ ಹೇಳಿಲ್ಲ, ದಯವಿಟ್ಟು ಆ ಫೋಟೋವನ್ನು ಪುಟದಿಂದ ತೆಗೆಯಿರಿ ಅಂತ. ಅವರ ಕಡೆಯ ಹುಡುಗಿ ಫೋನ್ ಮಾಡಿ ತುಂಬಾ ಮರ್ಯಾದೆಯಿಂದ ಕ್ಷಮೆ ಕೇಳಿದಳು, ತೆಗೆಸಿದಳು ಕೂಡ. ಅಷ್ಟರಲ್ಲಿ ಅದು ನಮ್ಮವರ ವಾಟ್ಸ್ಯಾಪ್ ಗುಂಪುಗಳಲ್ಲೆಲ್ಲ ಸುತ್ತಿ, ದೂರದ ಅಪ್ಪರ್ ಹಟ್ ಊರಿನಲ್ಲಿರುವ ನನ್ನ ಗೆಳತಿಯ ತನಕ ಹೋಗಿತ್ತು. "ಏನೇ, ರಾಜಕೀಯಕ್ಕೆ ಇಳಿದುಬಿಟ್ಯಾ? ನಮ್ಮನ್ನೆಲ್ಲ ಮರೀಬೇಡ," ಎಂದು ಅವಳು ನಗುವ ಮುಖಗಳನ್ನು ಕಳಿಸಿದಳು. ನಾನು ಗುಂಪಿನಲ್ಲಿ ಉದ್ದ ಸ್ಪಷ್ಟೀಕರಣ ಬರೆದೆ. ನೋಂದಣಿ ಎಂದರೇನು, ಯಾಕೆ ಬೇಕು, ನಾನು ಏನು ಕೇಳಬೇಕೆಂದಿದ್ದೆ. ಅದಕ್ಕೆ ಬಂದದ್ದು ಕೈಮುಗಿದ ಚಿಹ್ನೆಗಳು ಕೆಲವು. ಅದರ ಕೆಳಗೇ ಯಾರೋ ಹಳೆಯ ಸೋಫಾ ಮಾರಾಟಕ್ಕಿದೆ ಎಂದು ಹಾಕಿದರು.

ಮುಂದಿನ ವಾರ ನಮ್ಮ ಬೀದಿಯ ಆಂಟಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಧಾರವಾಡದವರು. ಮಗ ಸೊಸೆ ಕೆಲಸಕ್ಕೆ ಹೋದರೆ ಇಂಥದ್ದಕ್ಕೆ ನನ್ನನ್ನು ಕರೆಯುತ್ತಾರೆ. ಆ ಘಟನೆಯಾದ ಮೇಲೆ ನಾನು ರಜೆಯಲ್ಲಿದ್ದ ಒಂದು ತಿಂಗಳು ದಿನಾ ಮಧ್ಯಾಹ್ನ ನನಗೆ ರೊಟ್ಟಿ ತಂದುಕೊಟ್ಟು, ಏನೂ ಕೇಳದೆ ಪಕ್ಕದಲ್ಲಿ ಕೂತು ಹೋಗುತ್ತಿದ್ದವರು ಅವರೊಬ್ಬರೇ. ಕಾರು ಹತ್ತಿದವರೇ ಖುಷಿಯಿಂದ ನನ್ನ ಕೈ ಒತ್ತಿದರು.

"ವೋಟು ಹಾಕಿ ಬಂದೆ ನೋಡವಾ. ಎಲೆಕ್ಷನ್ ದಿನಕ್ಕಿಂತ ಮದಲ ಮಾಲಿನಾಗ ಹಾಕಬಹುದಂತ. ಮಗಾ ಕರಕೊಂಡು ಹೋಗಿದ್ದ."

"ಒಳ್ಳೇದಾಯ್ತು ಆಂಟಿ."

"ನಿನ್ನ ಸಂಬಂಧನ ಹಾಕೀನಿ. ನೀ ಶಾಲು ಹಾಕಿದ್ಯಲ್ಲಾ, ಅಂವಗ. ನಮ್ಮ ಭಜನಿ ಮಂದಿಗೂ ಹೇಳೀನಿ, ನಮ್ಮ ಹುಡುಗಿಗೆ ಗುಂಡು ಹೊಡ್ಯಾಕ ಬಂದಿದ್ರಲ್ಲಾ, ಇಂವ ಬಂದ್ರ ಬಂದೂಕ ಬಂದ್ ಮಾಡಸ್ತಾನ, ಅಕಿನ ಶಾಲು ಹಾಕ್ಯಾಳ ಅಂತ."

ನಾನು ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಯಾರೋ ಹಿಂದಿನಿಂದ ಹಾರ್ನ್ ಹೊಡೆದರು. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಇಡೀ ಬಳಗದಲ್ಲಿ ಬಂದೂಕಿನ ವಿಷಯಕ್ಕೆ ಅಂತಲೇ ವೋಟು ಹಾಕಿದವರು ಒಬ್ಬರೇ ಒಬ್ಬರು. ಅದೂ ತಿರುಗಾಮುರುಗಾ ಆಗಿ.

"ಆಂಟಿ, ಅವರು ಬಂದೂಕು ಬಂದ್ ಮಾಡಿಸೋರಲ್ಲ. ಯಾರ ಹತ್ರ ಯಾವ ಬಂದೂಕು ಇದೆ ಅಂತ ಬರೆದಿಡೋ ಪಟ್ಟೀನೇ ಬೇಡ ಅನ್ನೋರ ಪಕ್ಷ."

"ಮತ್ತ ನೀ ಯಾಕ ಶಾಲು ಹಾಕಿದಿ?"

"ಅಂಕಲ್ ಕರೆದರು."

"ಕರದ್ರ ಹಾಕಿಬಿಡೂದೇನು? ಮದ್ವಿ ಮಾಲಿನೂ ಹಿಂಗ ಹಾಕಿದ್ಯೇನು?"

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಆಂಟಿ ತಮ್ಮ ಸೆರಗಿನ ತುದಿ ಕೊಟ್ಟರು. ಆಮೇಲೆ ಎಲ್ಲವನ್ನೂ ಹೇಳಿದೆ. ಯಾರಿಗೂ ಪೂರ್ತಿ ಹೇಳಿರಲಿಲ್ಲ. ನಳಿಕೆ ಫ್ರಿಜ್ಜಿನ ಮೇಲಿಂದ ನನ್ನ ಮೇಲೆ ಬಂದು ಬಾಗಿಲಿಗೆ ಹೋದದ್ದು, ಅದು ಯಾರದ್ದೆಂದು ಯಾರಿಗೂ ಗೊತ್ತಿಲ್ಲದ್ದು.

"ಆ ಪಟ್ಟಿ ಮದಲ ಇದ್ದಿದ್ರ, ಅಂವಗ ಬಂದೂಕ ಸಿಗತಿದ್ದಿಲ್ಲೇನು?" ಅಂತ ಕೇಳಿದರು ಆಂಟಿ.

"ಅದೂ ಗೊತ್ತಿಲ್ಲ ಆಂಟಿ. ಸಿಗತಿತ್ತೋ ಏನೋ. ಆದರೆ ಕೊಟ್ಟವರು ಯಾರು ಅಂತ ಕೇಳೋಕೆ ಒಂದು ಬಾಗಿಲಾದರೂ ಇರುತ್ತಿತ್ತು."

ಮತ್ತೆ ಕಾರು ಹೊರಡಿಸಿದೆ. ಡಾಕ್ಟರ ಕ್ಲಿನಿಕ್ಕಿಗೆ ತಿರುಗುವ ವೃತ್ತದ ಹತ್ತಿರ ಪಕ್ಷದ ಫಲಕಗಳನ್ನು ಹಿಡಿದು ಹೋಗಿಬರುವ ಕಾರುಗಳಿಗೆ ಕೈಬೀಸುವವರ ಗುಂಪು ನಿಂತಿತ್ತು. ಚುನಾವಣೆ ಹತ್ತಿರ ಬಂದಾಗ ಇಲ್ಲಿ ದಿನಾ ಕಾಣುವ ನೋಟ. ನಡುವೆ ಎತ್ತರದ, ಕೆಂಪು ಮುಖದ ಮನುಷ್ಯ.

"ಅಂವ ಅಲ್ಲೇನು?" ಅಂದರು ಆಂಟಿ, ಕಣ್ಣು ಕಿರಿದು ಮಾಡಿ. "ತಲಿ ಮ್ಯಾಲೆ ಪಟಗಾ ಇಲ್ಲದ ಗುರ್ತ ಹತ್ತಲಿಲ್ಲ. ನಿಲ್ಲಸ ಕಾರು."

"ಆಂಟಿ, ಡಾಕ್ಟರ್‌ಗೆ ಹೊತ್ತಾಗುತ್ತೆ."

"ನನ್ನ ಕಣ್ಣು ಎಲ್ಲೂ ಓಡಿ ಹೋಗಂಗಿಲ್ಲ. ಹೋಗಿ ಕೇಳು."

ಹುಲ್ಲಿನ ಅಂಚಿನಲ್ಲಿ ನಿಲ್ಲಿಸಿ ಇಳಿದೆ. ಆಂಟಿಯೂ ಇಳಿದು ಹಿಂದೆಯೇ ಬಂದರು. ಅಭ್ಯರ್ಥಿ ನನ್ನನ್ನು ಗುರುತಿಸಿ, ಫಲಕವನ್ನು ಪಕ್ಕದವನಿಗೆ ಕೊಟ್ಟು, ಎರಡೂ ಕೈ ಜೋಡಿಸಿ ನಮಸ್ತೆ ಅಂದರು. ಫೋಟೋದ ವಿಷಯಕ್ಕೆ ಮತ್ತೆ ಕ್ಷಮೆ ಕೇಳಿದರು. ಲಾರಿಗಳು ಹಾದುಹೋಗುತ್ತಿದ್ದವು, ನಾನು ಗಟ್ಟಿಯಾಗಿ ಮಾತಾಡಬೇಕಾಯಿತು. ಬಾಯಿಪಾಠ ಮಾಡಿದ್ದ ಎರಡು ವಾಕ್ಯಗಳೂ ಮರೆತುಹೋಗಿದ್ದವು. ನನ್ನ ಕಡೆ ತಿರುಗಿದ ಬಂದೂಕು ಯಾರದ್ದೆಂದು ಯಾರಿಗೂ ಗೊತ್ತಿಲ್ಲ, ನೀವು ಗೆದ್ದರೆ ಬಂದೂಕಿನ ನೋಂದಣಿಯನ್ನು ಉಳಿಸಲು ವೋಟು ಹಾಕುತ್ತೀರಾ, ತೆಗೆಯಲು ಹಾಕುತ್ತೀರಾ, ಅಂದೆ.

ಜಾರಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಕಚೇರಿಗೆ ಬರೆಯಿರಿ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ನನ್ನನ್ನು ನೇರವಾಗಿ ನೋಡಿದರು.

ತೆಗೆಯಲು, ಅಂದರು. ಅದರಿಂದ ಕಳ್ಳರ ಕೈಯ ಬಂದೂಕು ಕಡಿಮೆಯಾಗುತ್ತದೆಂದು ತನಗೆ ನಂಬಿಕೆಯಿಲ್ಲ, ಆ ಶ್ರಮ ಬೇರೆ ಕಡೆ ಹೋಗಬೇಕು, ನಿಮಗೆ ಇದು ಇಷ್ಟವಾಗುವುದಿಲ್ಲವೆಂದು ಗೊತ್ತು, ಆದರೆ ಸುಳ್ಳು ಹೇಳುವುದಿಲ್ಲ.

ಅಷ್ಟೇ. ಒಂದು ಲಾರಿ ವೃತ್ತ ಸುತ್ತಿ ಹೋಗುವಷ್ಟು ಹೊತ್ತಿನ ಉತ್ತರ. ಇದನ್ನೇ ಆ ಹಾಲಿನಲ್ಲಿ, ಮೈಕಿನಲ್ಲಿ, ಅಷ್ಟು ಮನೆಗಳ ಜನರ ಮುಂದೆ ಕೇಳಿದ್ದರೂ ಹೀಗೇ ಹೇಳುತ್ತಿದ್ದರು ಆ ಮನುಷ್ಯ. ಅಡಗಿಸಿಡುವ ಉದ್ದೇಶ ಅವರಿಗೆ ಇರಲೇ ಇಲ್ಲ. ಅವರನ್ನು ಯಾರೂ ಕೇಳಲಿಲ್ಲ. ಈಗ ಕೇಳಿಸಿಕೊಂಡವರು ಮೊದಲೇ ಗೊತ್ತಿದ್ದ ನಾನು, ಮತ್ತು ಇಂಗ್ಲಿಷ್ ಅರ್ಧ ತಿಳಿಯುವ, ಆಗಲೇ ವೋಟು ಹಾಕಿ ಮುಗಿಸಿದ ಆಂಟಿ.

"ಏನಂದಾ?" ಅಂದರು ಆಂಟಿ, ಕಾರಿನ ಕಡೆ ನಡೆಯುತ್ತಾ.

"ತೆಗೀತೀನಿ ಅಂದರು. ಆ ಪಟ್ಟಿ ಬೇಡ ಅಂತೆ."

"ಹಂಗ, ಮಾರಿ ಮ್ಯಾಲೆನ ಅಂದನಾ?"

"ಹೂಂ."

ಆಂಟಿ ತಿರುಗಿ ನೋಡಿದರು. ಅಭ್ಯರ್ಥಿ ಮತ್ತೆ ಫಲಕ ತೆಗೆದುಕೊಂಡು ಕೈಬೀಸಲು ಶುರುಮಾಡಿದ್ದರು. "ಖರೇ ಹೇಳಿದ ಬಿಡ. ನಮ್ಮ ಕಡೆ ಲೀಡರಾದ್ರ ನಿನ್ನ ತಲಿ ಮುಟ್ಟಿ ಸುಳ್ಳ ಹೇಳತಿದ್ದಾ. ಮನಶ್ಯಾ ಛಲೋ ಅದಾನ. ನನ್ನ ವೋಟು ಅಷ್ಟೇನ ಕೆಟ್ಟಿಲ್ಲ."

"ಆಂಟಿ!"

"ಏನ್ ಮಾಡ್ಲವಾ, ಹಾಕಿದ್ದ ವಾಪಸ್ ತಗೊಳ್ಳಾಕ ಬರತೈತೇನು?"

ಬರುವುದಿಲ್ಲ. ಇಬ್ಬರೂ ಕಾರು ಹತ್ತಿದೆವು. ಹಾಲಿನಲ್ಲಿ ಕೂತಿದ್ದವರಲ್ಲಿ ಇನ್ನೂ ವೋಟು ಹಾಕದವರು ಎಷ್ಟೋ ಜನ ಇರಬೇಕು. ಆಂಟಿಯ ಭಜನೆಯವರೂ.

"ಆಂಟಿ, ಒಂದು ಕೆಲಸ ಮಾಡಿ. ಈಗ ಅವರು ಹೇಳಿದ್ದನ್ನ ನಿಮ್ಮ ಭಜನೆ ಗ್ರೂಪಿಗೆ ಹೇಳಿ. ಸರಿಯೋ ತಪ್ಪೋ ಅವರೇ ತೀರ್ಮಾನ ಮಾಡ್ಲಿ. ಅಷ್ಟು ಸಾಕು ನನಗೆ."

ಆಂಟಿ ಕನ್ನಡಕ ತೆಗೆದು ಒರೆಸಿ, ಫೋನ್ ಕಣ್ಣಿನ ಹತ್ತಿರ ಹಿಡಿದು, ಗುಂಪನ್ನು ಹುಡುಕಿದರು. ಹುಡುಕುತ್ತಾ ತಲೆಯೆತ್ತದೆ ಕೇಳಿದರು.

"ಫೋಟೋ ತಗದ್ಯೇನು?"

"ಯಾವುದರ ಫೋಟೋ?"

"ಈಗ ಮಾತಾಡಿದ್ರಲ್ಲಾ, ಅದರದ. ನೀ ಸಿಟ್ಟಿಲೆ ನಿಂತಿದ್ದು, ಅಂವ ಪಟ್ಟಿ ಬ್ಯಾಡ ಅಂದದ್ದು. ಬರೇ ಬಾಯಿ ಮಾತಿಲೆ ಹೇಳಿದ್ರ ಯಾರ ನಂಬತಾರವಾ? ನೀ ಶಾಲು ಹಾಕಿದ ಫೋಟೋ ಎಲ್ಲಾರ ಹತ್ರನೂ ಐತಿ."